ಅಪ್ಪನಿಗೆ ಬಾರದ ಜ್ವರ

ಸೂಜಿ ಹಾಕಿಸಿಕೊಂಡು ಬಂದ ದಿನ ಅಪ್ಪ ಸಂಜೆಯಿಂದಲೇ ಜ್ವರಕ್ಕೆ ಕಾಯುತ್ತ ಕೂರುತ್ತಿದ್ದ. ನಡುಮನೆಯ ಮಂಚದ ಮೇಲೆ ಗೋಡೆಗೆ ಒರಗಿ, ಅಂಗೈಯನ್ನು ಹಣೆಗೆ ಒತ್ತಿ ನೋಡಿಕೊಂಡು, ಅದರ ಮೇಲೂ ನಂಬಿಕೆ ಬಾರದೆ ಅಮ್ಮನನ್ನು ಕರೆಯುತ್ತಿದ್ದ.

"ಬಾರೇ ಇಲ್ಲಿ. ಬಿಸಿ ಐತಾ ನೋಡು."

ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ಮುಟ್ಟುವಳು. "ಎಲ್ಲಿ ಬಿಸಿ? ತಣ್ಣಗೈತೆ."

"ಅಂಗಾದ್ರೆ ಹತ್ತಿಲ್ಲ ಬಿಡು," ಎಂದು ಅಪ್ಪ ಮುಖ ಸಣ್ಣ ಮಾಡಿಕೊಳ್ಳುತ್ತಿದ್ದ.

ನನಗೆ ಮೈಯೆಲ್ಲ ಉರಿಯುತ್ತಿತ್ತು. ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದಲ್ಲಿ, ಲಸಿಕೆಯ ಸಂಶೋಧನೆ ನಡೆಸುವ ಒಂದು ಸಣ್ಣ ಕಂಪನಿಯಲ್ಲಿ ನಾನು ಕೆಲಸಕ್ಕಿದ್ದೇನೆ. ಬೆಳಗಿನಿಂದ ಸಂಜೆಯವರೆಗೂ ಲಸಿಕೆ ಮೈಗೆ ಹೇಗೆ ಹತ್ತುತ್ತದೆ ಎಂಬುದನ್ನೇ ತಲೆಗೆ ಹಚ್ಚಿಕೊಂಡಿರುವವಳು. ಮನೆಯಲ್ಲಿ ನೋಡಿದರೆ ಹೆತ್ತ ಅಪ್ಪನೇ ಜ್ವರ ಬಂದರೆ ಹತ್ತಿತು, ಬಾರದಿದ್ದರೆ ಇಲ್ಲ ಎನ್ನುತ್ತಾನೆ.

"ಜ್ವರಕ್ಕೂ ಅದಕ್ಕೂ ಸಂಬಂಧ ಇಲ್ಲಪ್ಪ. ಎಷ್ಟು ಸಲ ಹೇಳ್ಲಿ ನಿಂಗೆ?"

"ನಿನ್ನ ಲ್ಯಾಬಿನ ಇಲಿಗಳಿಗೆ ಇಲ್ದೆ ಇರಬೋದು ಕಣಮ್ಮ," ಎನ್ನುತ್ತಿದ್ದ.

ಅವನ ನಂಬಿಕೆ ಎಲ್ಲಿಂದ ಬಂದದ್ದೆಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ ನಮ್ಮೂರಿನಲ್ಲಿ ಅಪ್ಪ ಮೂವತ್ತು ವರ್ಷ ರೇಷ್ಮೆ ಹುಳು ಸಾಕಿದವನು. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎಂದೇ ಹೆಸರು. ಹುಳು ಬೆಳೆಯುವ ಹೊತ್ತಿಗೆ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಸೊಪ್ಪು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂತುಬಿಡುತ್ತದೆ. ನೋಡಿದವರು ಸತ್ತಿದೆ ಅಂದುಕೊಳ್ಳಬೇಕು, ಹಾಗೆ. ಜ್ವರದಿಂದ ಎದ್ದ ಹುಳು ಹೊಸ ಮೈ ಹೊತ್ತು ಎದ್ದಿರುತ್ತದೆ. ಜ್ವರಕ್ಕೆ ಕೂರದ ಹುಳು ರೋಗದ ಹುಳು, ಅದನ್ನು ಆರಿಸಿ ಎಸೆಯಬೇಕು. ಅಪ್ಪನ ಲೆಕ್ಕ ಇಷ್ಟೇ.

ಅಪ್ಪನ ಎರಡು ಕಿಡ್ನಿಗಳೂ ಕೈಕೊಟ್ಟ ಮೇಲೆ ವಾರಕ್ಕೆ ಮೂರು ದಿನ ದೇವನಹಳ್ಳಿಗೆ ಡಯಾಲಿಸಿಸ್‌ಗೆ ಹೋಗಬೇಕಾಯಿತು. ಅದಕ್ಕೂ ಮುಂಚೆ, ಕೈಗಾರಿಕೆಗೆ ಭೂಮಿ ಬಿಡುವುದಿಲ್ಲವೆಂದು ಊರವರೆಲ್ಲ ಧರಣಿ ಕೂತಾಗ ಅವರ ಜೊತೆ ದಿನಗಟ್ಟಲೆ ಕೂತು ಬಂದವನು, ಕಾಲು ಊದಿದ್ದನ್ನು ಕೂತಿದ್ದರಿಂದಲೇ ಎಂದುಕೊಂಡಿದ್ದ. ನಾವೂ ಹಾಗೇ ಅಂದುಕೊಂಡೆವು. ಈಗ ಹಿಪ್ಪುನೇರಳೆ ತೋಟವನ್ನು ಪಕ್ಕದವರು ನೋಡಿಕೊಳ್ಳುತ್ತಾರೆ, ಹುಳುಮನೆಗೆ ಬೀಗ ಬಿದ್ದಿದೆ.

ಡಯಾಲಿಸಿಸ್ ಕೋಣೆಯ ಒಂದು ಮೂಲೆಯಲ್ಲಿ ಒಂದು ಯಂತ್ರ ಮಾತ್ರ ಬೇರೆಯಾಗಿ ನಿಂತಿದೆ. ಕಾಮಾಲೆ ತರುವ ಹೆಪಟೈಟಿಸ್ ಬಿ ವೈರಸ್ ರಕ್ತದಲ್ಲಿರುವವರಿಗೆ ಅದು ಮೀಸಲು. ಅಪ್ಪನ ಜೊತೆ ಒಂದೇ ಹೊತ್ತಿಗೆ ಬರುತ್ತಿದ್ದ ಬೂದಿಗೆರೆಯ ಒಬ್ಬ ಮೇಷ್ಟ್ರು ಒಂದು ದಿನ ಆ ಮೂಲೆಗೆ ಹೋದರು. ಅವರಿಗೆ ಅದು ಎಲ್ಲಿಂದ ಬಂತೋ ಯಾರಿಗೂ ಗೊತ್ತಾಗಲಿಲ್ಲ. ಅಪ್ಪ ಅಂದು ಮನೆಗೆ ಬಂದು ಊಟ ಮಾಡಲಿಲ್ಲ. "ಪಕ್ಕದಲ್ಲೇ ಇದ್ರಮ್ಮ, ಕೈ ಚಾಚಿದ್ರೆ ಸಿಗ್ತಿದ್ರು," ಎಂದು ಮೂರು ಸಲ ಹೇಳಿದ. ಅಂದಿನಿಂದ ನನ್ನೊಳಗೂ ಒಂದು ಭಯ ಮನೆ ಮಾಡಿತು. ಮೊದಲೇ ಸೋತ ಮೈಗೆ ಅದೂ ಅಂಟಿದರೆ ಅಪ್ಪ ಉಳಿಯುವುದಿಲ್ಲ ಎಂದು ಯಾರೂ ನನಗೆ ಬಿಡಿಸಿ ಹೇಳಬೇಕಿರಲಿಲ್ಲ.

ಅದಕ್ಕೇ ಲಸಿಕೆ. ಡಯಾಲಿಸಿಸ್‌ನವರಿಗೆ ಎರಡರಷ್ಟು ಪ್ರಮಾಣ, ಆರು ತಿಂಗಳಲ್ಲಿ ನಾಲ್ಕು ಸಲ. ಹಿಂದಿನ ಸಂಜೆ ನಾನು ಕೆಲಸ ಮುಗಿಸಿ ಬರುವಾಗ ಮೆಡಿಕಲ್ ಸ್ಟೋರ್‌ನಲ್ಲಿ ತಂದು ಫ್ರಿಜ್‌ನಲ್ಲಿಡುವುದು, ಮರುದಿನ ಬೆಳಗ್ಗೆ ಅಪ್ಪ ಅದನ್ನು ಹಿಡಿದುಕೊಂಡು ಹೋಗಿ ಸಿಸ್ಟರ್ ಕೈಯಲ್ಲಿ ಹಾಕಿಸಿಕೊಳ್ಳುವುದು. ಅಮ್ಮ ಸೂಜಿ ಬಿದ್ದ ವಾರವೆಲ್ಲ ನಂಜು ಎಂದು ಬದನೆಕಾಯಿಯನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ನಾನು ಅದಕ್ಕೂ ಜಗಳ ಆಡುತ್ತಿದ್ದೆ.

ಹೆಪಟೈಟಿಸ್ ಬಿ ಲಸಿಕೆ ನನ್ನ ಕೆಲಸಕ್ಕೆ ದೊಡ್ಡಪ್ಪನ ಹಾಗೆ. ಅದರಲ್ಲಿ ವೈರಸ್ ಇರುವುದಿಲ್ಲ, ವೈರಸ್ಸಿನ ಹೊರಮೈಯ ಪ್ರೋಟೀನ್ ಮಾತ್ರ ಇರುತ್ತದೆ. ಆ ಪ್ರೋಟೀನ್‌ಗಳು ತಾವಾಗಿಯೇ ಒಂದಕ್ಕೊಂದು ಸೇರಿ ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಗಳಾಗುತ್ತವೆ. ನಾವು ಈಗ ಅದನ್ನೇ ಬೇಕೆಂದು ಮಾಡುತ್ತಿದ್ದೇವೆ. ಇಪ್ಪತ್ನಾಲ್ಕು ತುಂಡು ಕೂಡಿ ಚೆಂಡಾಗುವ ಒಂದು ಪ್ರೋಟೀನನ್ನು ತೆಗೆದುಕೊಂಡು, ಅದರ ಹೊರಮೈ ಮೇಲೆ ಬೇರೊಂದು ವೈರಸ್ಸಿನ ಗುರುತಿನ ತುಣುಕುಗಳನ್ನು ಕೂರಿಸುತ್ತೇವೆ. ಇದಕ್ಕೆ ನ್ಯಾನೋಕಣ ಎನ್ನುತ್ತಾರೆ.

ಅದೇನು ಎಂದು ಅಪ್ಪ ಒಮ್ಮೆ ಕೇಳಿದಾಗ ನಾನು ಹುಳುಮನೆಯ ಗೋಡೆಗೆ ಒರಗಿಸಿದ್ದ ಚಂದ್ರಿಕೆಯನ್ನೇ ತೋರಿಸಿದ್ದೆ. ಚಂದ್ರಿಕೆ ಎಂದರೆ ಬಿದಿರಿನ ಚಾಪೆಯ ಮೇಲೆ ಬಿದಿರಿನ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿದ ತಟ್ಟಿ. ಹಣ್ಣಾದ ಹುಳುಗಳನ್ನು ಅದರ ಮೇಲೆ ಬಿಟ್ಟರೆ ಅಲ್ಲೇ ಗೂಡು ಕಟ್ಟುತ್ತವೆ. ನಾನು ಚಿಕ್ಕವಳಿದ್ದಾಗ ಬೊಗಸೆಯಲ್ಲಿ ತಂದು ಒಂದೇ ಕಡೆ ಸುರಿದು ಬೈಸಿಕೊಳ್ಳುತ್ತಿದ್ದೆ. ಹತ್ತಿರ ಹತ್ತಿರ ಬಿದ್ದ ಹುಳುಗಳು ಎರಡೆರಡು ಸೇರಿ ಒಂದೇ ಗೂಡು ಕಟ್ಟಿಬಿಡುತ್ತವೆ. ಆ ಜೋಡಿ ಗೂಡಿನಿಂದ ನೂಲು ಬಿಚ್ಚಲು ಬರುವುದಿಲ್ಲ. ತೀರಾ ದೂರ ಬಿಟ್ಟರೆ ಚಂದ್ರಿಕೆ ಸಾಲುವುದಿಲ್ಲ.

"ಅದೇ ಕಣಪ್ಪ. ನಮ್ಮ ಚೆಂಡು ಚಂದ್ರಿಕೆ. ಗುರುತಿನ ತುಣುಕು ಹುಳ. ನಮ್ಮ ರಕ್ತದಲ್ಲಿ ಕಾವಲು ಕಾಯೋ ಕೋಶಗಳಿವೆ. ಒಂದೊಂದರ ಮೈ ಮೇಲೂ ನೂರಾರು ಕೈ. ಒಂಟಿ ತುಣುಕು ಬಂದು ಒಂದು ಕೈಗೆ ತಾಕಿದ್ರೆ ಅದು ಕ್ಯಾರೇ ಅನ್ನಲ್ಲ. ಹತ್ತಾರು ತುಣುಕು ಅಳತೆಯಾಗಿ ಸಾಲಾಗಿ ಬಂದ್ರೆ, ಒಂದೇ ಸಲ ಹತ್ತಾರು ಕೈ ಹಿಡಿದು ಜಗ್ಗಿದಂಗಾಗುತ್ತೆ. ಆಗ ಅದು ಎಚ್ಚೆತ್ತು ಪ್ರತಿಕಾಯ ಮಾಡುತ್ತೆ, ಅಂದ್ರೆ ವೈರಸ್ಸನ್ನ ಹಿಡಿದು ಹಾಕೋ ಪ್ರೋಟೀನು. ತುಣುಕು ತೀರಾ ಒತ್ತಾಗಿದ್ರೆ ಒಂದಕ್ಕೊಂದು ಮರೆಯಾಗಿ ಕೈಗೆ ಸಿಗಲ್ಲ. ತೀರಾ ದೂರ ಇದ್ರೆ ಜಗ್ಗೋ ಬಲ ಬರಲ್ಲ."

ಅಪ್ಪ ಎರಡು ನಿಮಿಷ ಚಂದ್ರಿಕೆಯನ್ನೇ ನೋಡಿದ. "ಅಂಗಾದ್ರೆ ಅಷ್ಟೆಲ್ಲ ಓದಿ ನೀನೂ ಹುಳ ಬಿಡೋ ಕೆಲ್ಸನೇ ಮಾಡ್ತಿದೀಯ ಅನ್ನು," ಎಂದು ನಕ್ಕ. ನನ್ನ ಕೆಲಸವನ್ನು ಅಷ್ಟು ಬೇಗ ಅರ್ಥ ಮಾಡಿಕೊಂಡವರನ್ನು ನಾನು ಕಾಲೇಜಿನಲ್ಲೂ ನೋಡಿರಲಿಲ್ಲ.

ನಾಲ್ಕನೇ ಸೂಜಿ ಆದ ಎರಡು ತಿಂಗಳಿಗೆ ರಕ್ತ ಪರೀಕ್ಷೆ ಮಾಡಿಸಿದರು. ಪ್ರತಿಕಾಯದ ಮಟ್ಟ ಹತ್ತಾದರೂ ಮುಟ್ಟಿರಬೇಕು. ಅಪ್ಪನದು ಎರಡಕ್ಕಿಂತಲೂ ಕಡಿಮೆ ಇತ್ತು. ಸಿಸ್ಟರ್ ಕಾಗದ ಕೊಟ್ಟು, "ಕೆಲವರಿಗೆ ಹಿಂಗಾಗುತ್ತೆ ಮೇಡಂ, ಇನ್ನೊಂದು ಸುತ್ತು ಹಾಕ್ಸೋಣ. ಅದಕ್ಕೂ ಬರ್ಲಿಲ್ಲ ಅಂದ್ರೆ ಇವರ ಮೈಗೆ ಬರಲ್ಲ ಅಂತ ಬರ್ಕೋತೀವಿ, ಹುಷಾರಾಗಿ ನೋಡ್ಕೋಬೇಕಾಗುತ್ತೆ," ಎಂದರು. ಅಪ್ಪ ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೂತ. ಆವತಿ ಕಡೆಯ ಬೆಟ್ಟ ಕಂಡಾಗ ನನ್ನ ಕಡೆ ತಿರುಗಿದ.

"ನಾನು ಹೇಳಿರ್ಲಿಲ್ವಾ? ಜ್ವರನೇ ಬರ್ಲಿಲ್ಲ."

ಹಳೆಯ ವಾದ ಹೂಡುವ ಧೈರ್ಯ ನನಗಿರಲಿಲ್ಲ, ಏಕೆಂದರೆ ಆ ತಿಂಗಳು ನಾನು ಕೆಲಸದಲ್ಲಿ ನೋಡಿದ್ದು ಬೇರೆಯೇ ಇತ್ತು. ಒಂದೇ ಪ್ರೋಟೀನನ್ನು ಒಂದು ಗುಂಪಿನ ಇಲಿಗಳಿಗೆ ಬಿಡಿಯಾಗಿ, ಇನ್ನೊಂದು ಗುಂಪಿಗೆ ಕಣದ ಮೇಲೆ ಕೂರಿಸಿ ಕೊಟ್ಟಿದ್ದೆವು. ರಕ್ತದಲ್ಲಿ ಪ್ರತಿಕಾಯ ಇದ್ದಷ್ಟೂ ಪರೀಕ್ಷೆಯ ತಟ್ಟೆಯ ಗುಳಿಗಳು ಹಳದಿಯಾಗುತ್ತವೆ. ಬಿಡಿಯಾಗಿ ಕೊಟ್ಟದ್ದು ನೀರಿನ ಬಣ್ಣ, ಕಣದ ಮೇಲೆ ಕೊಟ್ಟದ್ದು ಅರಿಶಿನದ ನೀರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಕೊನೆಯ ಸಾಲಿನಲ್ಲಿ ವಯಸ್ಸಾದ ಇಲಿಗಳ ಒಂದು ಸಣ್ಣ ಗುಂಪಿತ್ತು. ಅವಕ್ಕೂ ಅದೇ ಕಣ, ಅದೇ ಜೋಡಣೆ, ಅದೇ ಪ್ರಮಾಣ. ಅವುಗಳ ಗುಳಿಗಳು ತೆಳ್ಳಗೆ, ಇದ್ದೂ ಇಲ್ಲದ ಹಾಗೆ ಇದ್ದವು. ನಾವು ಎಷ್ಟೇ ಅಚ್ಚುಕಟ್ಟಾಗಿ ಸಾಲು ಹಿಡಿಸಿ ತೋರಿಸಿದರೂ ಎಚ್ಚೆತ್ತುಕೊಳ್ಳುವ ಕೋಶವೇ ದಣಿದಿದ್ದರೆ ಏನು ಮಾಡುವುದು? ಚಪ್ಪಾಳೆಯ ನಡುವೆ ನಾನು ಆ ಸಾಲನ್ನೇ ನೋಡುತ್ತ ನಿಂತಿದ್ದೆ. ಕಿಡ್ನಿ ಸೋತವರ ಮೈಯೂ ಹೀಗೇ ಮಂಕಾಗಿರುತ್ತದೆ ಎಂದು ಓದಿದ್ದೆ. ಅಪ್ಪನಿಗೆ ವಯಸ್ಸೂ ಆಗಿದೆ, ಕಿಡ್ನಿಯೂ ಇಲ್ಲ.

ಎರಡನೇ ಸುತ್ತು ಶುರುವಾಗುವ ಮುಂಚಿನ ವಾರ ಕೆಲಸದಲ್ಲಿ ಒಂದು ಘಟನೆ ನಡೆಯಿತು. ನಾನು ಇರುವುದು ಕಣಗಳನ್ನು ಶುದ್ಧ ಮಾಡುವ ವಿಭಾಗದಲ್ಲಿ. ನಮ್ಮ ಕೈಯಿಂದ ಹೊರಟದ್ದೆಲ್ಲ ನೇರ ಮೈನಸ್ ಎಂಬತ್ತು ಡಿಗ್ರಿಯ ಪೆಟ್ಟಿಗೆಗೆ ಹೋಗುತ್ತದೆ. ತಣ್ಣಗಿದ್ದಷ್ಟೂ ಒಳ್ಳೆಯದು ಎನ್ನುವುದು ನಮಗೆ ಉಸಿರಾಟದಷ್ಟು ಅಭ್ಯಾಸ. ಆ ದಿನ ಪಕ್ಕದ ವಿಭಾಗದವರು ರಜೆ ಇದ್ದುದರಿಂದ, ಕಣಕ್ಕೆ ಆಲಮ್ ಬೆರೆಸಿ ಉಳಿದಿದ್ದ ನಾಲ್ಕು ಸೀಸೆಗಳನ್ನು ನಾನೇ ಅದೇ ಪೆಟ್ಟಿಗೆಯಲ್ಲಿ ಎತ್ತಿಟ್ಟೆ. ಆಲಮ್ ಎಂದರೆ ಅಲ್ಯೂಮಿನಿಯಂ ಉಪ್ಪು. ಕಣ ಅದಕ್ಕೆ ಅಂಟಿಕೊಂಡು ಮೈಯಲ್ಲಿ ನಿಧಾನವಾಗಿ ಬಿಡುಗಡೆಯಾಗುತ್ತದೆ, ಕಾವಲು ಕೋಶಗಳನ್ನೂ ಕೆಣಕುತ್ತದೆ. ಮರುದಿನ ನಮ್ಮ ಹಿರಿಯ ವಿಜ್ಞಾನಿ ಮೇಡಂ ಕರಗಿದ ಸೀಸೆಯನ್ನು ಕುಲುಕಿ ಬೆಳಕಿಗೆ ಹಿಡಿದರು. ಒಡೆದ ಹಾಲಿನ ಹಾಗೆ ಚೂರು ಚೂರಾಗಿ ತಳಕ್ಕೆ ಇಳಿಯಿತು.

"ಆಲಮ್ ಬೆರೆಸಿದ್ದನ್ನ ಫ್ರೀಜ್ ಮಾಡ್ತಾರೇನಮ್ಮಾ? ಗಡ್ಡೆ ಕಟ್ಟಿ ಕೆಟ್ಟೋಗುತ್ತೆ. ಅಂಗಡೀಲಿ ಸಿಗೋ ಹೆಪಟೈಟಿಸ್ ಬಿ ಲಸಿಕೇಲೂ ಆಲಮ್ ಇರುತ್ತೆ, ಪೆಟ್ಟಿಗೆ ಮೇಲೇ ಬರ್ದಿರ್ತಾರಲ್ಲ, ಓದಿಲ್ವಾ?"

ಓದಿರಲಿಲ್ಲ. ಮೆಡಿಕಲ್ ಸ್ಟೋರ್‌ನವನು "ತಣ್ಣಗಿಡಿ ಮೇಡಂ" ಎಂದು ಕಾಗದದಲ್ಲಿ ಸುತ್ತಿ ಕೊಟ್ಟಿದ್ದನ್ನು ನಾಲ್ಕು ಸಲವೂ ನಾನು ಹಾಗೇ ತಂದು, ನನ್ನ ಕೈಯಾರೆ, ಫ್ರಿಜ್‌ನ ಮೇಲಿನ ಐಸ್ ಖಾನೆಗೆ ತಳ್ಳಿದ್ದೆ. ಇನ್ನೂ ತಣ್ಣಗಿರಲಿ ಎಂದು ಐಸ್ ಟ್ರೇ ಪಕ್ಕಕ್ಕೆ ಒತ್ತಿ ಇಟ್ಟಿದ್ದೆ. ಲಸಿಕೆಯ ಬಗ್ಗೆ ಏನೂ ಗೊತ್ತಿಲ್ಲದವರು ಕೆಳಗೆ ಹಾಲಿನ ಪಕ್ಕ ಇಡುತ್ತಿದ್ದರು. ನನಗೆ ಗೊತ್ತಿತ್ತಲ್ಲ!

ಮೇಡಂ ಮುಂದೆ ತಲೆ ತಗ್ಗಿಸಿ ನಿಂತಿದ್ದೆ. ಮೊದಲು ಬಂದದ್ದು ಹೆದರಿಕೆ, ಅದರ ಹಿಂದೆಯೇ ನಾಚಿಕೆ. ಮಧ್ಯಾಹ್ನ ಊಟದ ಡಬ್ಬಿ ತೆಗೆಯುವಾಗ ಇನ್ನೊಂದು ಬಂತು, ಅದನ್ನು ಸಂತೋಷ ಎಂದು ಕರೆಯದೆ ಬೇರೆ ದಾರಿ ಇಲ್ಲ. ತಪ್ಪು ನನ್ನದಾದರೆ ಅಪ್ಪನ ಮೈಯದಲ್ಲ. ಕೆಟ್ಟ ಲಸಿಕೆ ಹಾಕಿದರೆ ಯಾರ ಮೈ ತಾನೇ ಉತ್ತರ ಕೊಡುತ್ತದೆ? ಅಪ್ಪ ಆ ಕೊನೆಯ ಸಾಲಿನ ಇಲಿ ಅಲ್ಲ. ಸರಿಯಾದ್ದನ್ನು ಹಾಕಿಸಿದರೆ ಹತ್ತಲ್ಲ, ನೂರು ಮುಟ್ಟುತ್ತಾನೆ. ಕಂಪನಿ ಬಸ್ಸಿನಲ್ಲಿ ಮನೆ ತಲುಪುವವರೆಗೆ ಈ ಮಾತನ್ನು ತಿರುವಿ ತಿರುವಿ ನೋಡಿದೆ.

ಚಪ್ಪಲಿ ಬಿಡುವ ಮುಂಚೆಯೇ ಹೇಳಿಬಿಟ್ಟೆ. "ಅಪ್ಪಾ, ನಾನೊಂದು ತಪ್ಪು ಮಾಡಿದೀನಿ. ನಿನ್ನ ಲಸಿಕೆನ ನಾನೇ ಹಾಳು ಮಾಡಿದ್ದು. ಐಸ್ ಖಾನೇಲಿ ಇಟ್ಟಿದ್ನಲ್ಲ, ಅದು ಹೆಪ್ಪುಗಟ್ಟಿ ಕೆಟ್ಟೋಗಿದೆ. ಅದಕ್ಕೇ ನಿಂಗೆ ಬಂದಿಲ್ಲ. ನಿನ್ನ ಮೈ ಚೆನ್ನಾಗೇ ಇದೆ."

ಅಪ್ಪ ನನ್ನ ಮುಖ ನೋಡಿದ. ತಪ್ಪೊಪ್ಪಿಕೊಳ್ಳುವವಳ ಮುಖ ಅಷ್ಟು ಅರಳಿರುವುದನ್ನು ಅವನು ನೋಡಿದ್ದು ಅದೇ ಮೊದಲಿರಬೇಕು. ಅಡುಗೆಮನೆಯ ಬಾಗಿಲಲ್ಲಿದ್ದ ಅಮ್ಮ ಏನೋ ಹೇಳಲು ಬಾಯಿ ತೆರೆದಳು.

"ಏ, ಒಂದ್ಲೋಟ ನೀರು ತಗೊಂಬಾ," ಎಂದ ಅಪ್ಪ. ಅವನಿಗೆ ದಿನಕ್ಕೆ ಅಳತೆಯ ನೀರು. ಅಂದಿನ ಪಾಲು ಮುಗಿದಿತ್ತು. ಅದು ನನ್ನ ಗಮನಕ್ಕೆ ಬರಲಿಲ್ಲ. ಅಮ್ಮ ಒಳಗೆ ಹೋದ ಮೇಲೆ ನನ್ನ ಕಡೆ ತಿರುಗಿ, "ಅಂಗಾ? ಅದಕ್ಕೇ ಅನ್ನು! ನಾನೂ ನನ್ ಮೈಯೇ ಹೋಯ್ತು ಅಂದ್ಕಂಡಿದ್ದೆ. ಹೋಗ್ಲಿ ಬಿಡು, ಇನ್ನೊಂದ್ಸಲ ಹಾಕ್ಸಿದ್ರಾಯ್ತು," ಎಂದ. ಆ ರಾತ್ರಿ ನಾನು ಬಹಳ ದಿನದ ಮೇಲೆ ಹೊಟ್ಟೆ ತುಂಬ ಮುದ್ದೆ ಉಂಡೆ.

ಮುಂದಿನ ವಾರ ಎರಡನೇ ಸುತ್ತಿನ ಮೊದಲ ಸೂಜಿಗೆ ಲಸಿಕೆ ತಂದೆ. ಪೆಟ್ಟಿಗೆ ಬಿಚ್ಚಿ ಪ್ರತಿ ಅಕ್ಷರ ಓದಿದೆ. ಕುಲುಕಿ ಬೆಳಕಿಗೆ ಹಿಡಿದೆ, ಒಂದೇ ಸಮ ಬೆಳ್ಳಗಿತ್ತು. ಫ್ರಿಜ್‌ನ ನಡುವಿನ ಹಲಗೆಯಲ್ಲಿ ಜಾಗ ಮಾಡುತ್ತಿದ್ದೆ. ಅಪ್ಪ ಹಿತ್ತಲಲ್ಲಿದ್ದ. ಅಮ್ಮ ಹಿಂದಿನಿಂದ ಬಂದು ತರಕಾರಿ ಡಬ್ಬಿಯಿಂದ ಒಂದು ಸಣ್ಣ ಬಿಳಿ ಬಟ್ಟೆ ತೆಗೆದುಕೊಟ್ಟಳು.

"ಇದ್ರಲ್ಲಿ ಸುತ್ತಿ ಇಲ್ಲೇ ಕೆಳಗಿಡು. ನಿಮ್ಮಪ್ಪ ಇಡೋದು ಇಲ್ಲೇ."

"ಅಪ್ಪ ಇಡೋದಾ?"

"ನೀನು ಮೇಲೆ ಐಸಲ್ಲಿಟ್ಟು ಮುಖ ತೊಳಿಯಕ್ಕೆ ಹೋಗ್ತಿದ್ದಂಗೆ ತೆಗ್ದು ಇಲ್ಲಿಡೋರು. ಮೊಟ್ಟೆನ ಯಾರಾದ್ರೂ ಐಸಲ್ಲಿಡ್ತಾರಾ, ಜೀವ ಹೋಗ್ತದೆ ಅನ್ನೋರು. ನಿಂಗೆ ಹೇಳಿದ್ರೆ ಬೈತೀಯ ಅಂತ ಸುಮ್ನಿದ್ರು."

ರೇಷ್ಮೆ ಹುಳುವಿನ ಮೊಟ್ಟೆಯ ಹಾಳೆಯನ್ನು ಅದನ್ನು ಮಾರುವ ಬಿತ್ತನೆ ಕೋಠಿಯಿಂದ ತರುವಾಗ ಅಪ್ಪ ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಿಸಿಲೇರುವ ಮುಂಚೆ ತರುತ್ತಿದ್ದುದು ನೆನಪಾಯಿತು. ತಂಪಿರಬೇಕು, ಕೊರೆಯಬಾರದು. ಮೂವತ್ತು ವರ್ಷದ ಕೈ ಅದು, ಮಗಳ ಡಿಗ್ರಿಗೆ ಹೆದರಿ ಕದ್ದು ಮುಚ್ಚಿ ಕೆಲಸ ಮಾಡಿತ್ತು.

"ನಾಲ್ಕು ಸಲಾನೂ ತೆಗ್ದಿದ್ನಾ? ಒಂದ್ಸಲನಾದ್ರೂ ಮರ್ತಿರಲ್ವಾ?" ಒಂದು ಸಲ ಅಪ್ಪ ಮರೆತಿದ್ದ ಎಂದು ಅಮ್ಮ ಅಂದಿದ್ದರೆ ಸಾಕಿತ್ತು. ಅಷ್ಟರಲ್ಲೇ ಹಿಡಿದುಕೊಂಡು ನಿಲ್ಲುತ್ತಿದ್ದೆ.

"ನಾಲ್ಕು ಸಲಾನೂ. ಬಟ್ಟೆ ನೆನೆಸಿ ಕೊಟ್ಟಿದ್ದು ನಾನೇ ಅಲ್ವಾ?"

ನಾನು ಅಲ್ಲೇ ನೆಲದ ಮೇಲೆ ಕೂತೆ. ನನ್ನ ತಪ್ಪು ತಪ್ಪಾಗಿರಲಿಲ್ಲ. ಲಸಿಕೆ ಕೆಟ್ಟಿರಲಿಲ್ಲ. ನೂರಾರು ತುಣುಕು ಸಾಲಾಗಿ ಹೊತ್ತ ಆ ಉಂಡೆಗಳು ಸರಿಯಾಗಿಯೇ ಅಪ್ಪನ ಮೈ ಸೇರಿದ್ದವು. ನಾಲ್ಕು ಸಲ ಬಾಗಿಲು ತಟ್ಟಿದ್ದವು, ಒಳಗಿನಿಂದ ಯಾರೂ ಎದ್ದು ಬಂದಿರಲಿಲ್ಲ. ನಾನು ಹಲ್ಲು ಕಿರಿದುಕೊಂಡು ತಪ್ಪೊಪ್ಪಿಕೊಂಡ ಸಂಜೆ ಅಪ್ಪನಿಗೆ ಇದು ಗೊತ್ತಿತ್ತು. ಗೊತ್ತಿದ್ದೇ ಅಮ್ಮನನ್ನು ನೀರಿಗೆ ಕಳಿಸಿದ್ದ. ನನ್ನ ಆಸೆ ಮುರಿಯಬಾರದೆಂದೋ, ನಾನು ಹೇಳಿದ್ದನ್ನು ತಾನೂ ಒಂದಿಷ್ಟು ದಿನ ನಂಬಿಕೊಂಡಿರೋಣ ಎಂದೋ, ನನಗೆ ತಿಳಿಯಲಿಲ್ಲ. ಇವತ್ತಿಗೂ ಕೇಳಿಲ್ಲ.

ಹಿತ್ತಲ ಬಾಗಿಲು ಸದ್ದಾಯಿತು. ನಾನು ಎದ್ದು ಲಸಿಕೆಯನ್ನು ಬಟ್ಟೆಯಲ್ಲಿ ಸುತ್ತದೆ ನಡುವಿನ ಹಲಗೆಯಲ್ಲೇ ಇಟ್ಟು ಬಾಗಿಲು ಮುಚ್ಚಿದೆ. ಬಟ್ಟೆಯನ್ನು ಅಮ್ಮನ ಕೈಗೆ ತುರುಕಿ ಸುಮ್ಮನಿರು ಎಂದು ಸನ್ನೆ ಮಾಡಿದೆ.

"ಈ ಸಲ ಸರಿಯಾಗಿಟ್ಟಿದೀಯೇನಮ್ಮ?" ಎಂದ ಅಪ್ಪ, ಕಾಲೊರೆಸಿಕೊಳ್ಳುತ್ತ.

"ಸರಿಯಾಗಿಟ್ಟಿದೀನಿ ಅಪ್ಪ."

"ಹಾಂ. ಈ ಸಲ ಹತ್ತುತ್ತೆ ಬಿಡು."

ಎರಡನೇ ಸುತ್ತಿಗೆ ಮೈ ಎಚ್ಚೆತ್ತವರೂ ಇದ್ದಾರೆ ಎಂದು ನನಗೆ ಗೊತ್ತು. ಎಚ್ಚೆತ್ತುಕೊಳ್ಳದವರೂ ಇದ್ದಾರೆ ಎಂಬುದೂ ಗೊತ್ತು. ಮರುದಿನ ನಾನು ಕೆಲಸದಲ್ಲಿ ಕಣಗಳನ್ನು ಸೀಸೆಗೆ ತುಂಬುತ್ತಿರುವಾಗ ಮೂರು ಸಲ ಎಣಿಕೆ ತಪ್ಪಿತು. ಗಡಿಯಾರ ನೋಡಿ, ಈಗ ಸೂಜಿ ಬಿದ್ದಿರುತ್ತದೆ, ಈಗ ಲಸಿಕೆ ಕಂಕುಳಿನ ಗ್ರಂಥಿ ಮುಟ್ಟಿರುತ್ತದೆ ಎಂದು ಮನಸ್ಸು ಹಿಂದೆ ಹಿಂದೆಯೇ ಓಡುತ್ತಿತ್ತು. ಅಲ್ಲಿ ಕಾವಲು ಕೋಶಗಳು ಏನು ಮಾಡುತ್ತಿವೆ ಎಂದು ನೋಡುವ ಯಂತ್ರ ನಮ್ಮ ಕಂಪನಿಯಲ್ಲೂ ಇಲ್ಲ.

ಸಂಜೆ ಮನೆಗೆ ಬಂದಾಗ ಅಪ್ಪ ಅದೇ ಮಂಚದ ಮೇಲೆ ಗೋಡೆಗೆ ಒರಗಿದ್ದ. ಈ ಸಲ ಹಣೆಗೆ ಕೈ ಇಟ್ಟುಕೊಂಡಿರಲಿಲ್ಲ, ಅಮ್ಮನನ್ನೂ ಕರೆಯಲಿಲ್ಲ. ನಾನು ಬೈಯುತ್ತೇನೆಂದು ಇರಬೇಕು. ಕೈಕಾಲು ತೊಳೆದು ಬಂದು ನಾನೇ ಪಕ್ಕದಲ್ಲಿ ಕೂತೆ. ಜ್ವರಕ್ಕೂ ಲಸಿಕೆಗೂ ಸಂಬಂಧವಿಲ್ಲ ಎಂದು ತಿಂಗಳುಗಟ್ಟಲೆ ವಾದ ಮಾಡಿದ ನಾನು ಅಂಗೈಯನ್ನು ಅವನ ಹಣೆಗೆ ಇಟ್ಟೆ, ತೆಗೆದು ಕತ್ತಿಗೆ ಇಟ್ಟೆ, ಮತ್ತೆ ಹಣೆಗೆ ಇಟ್ಟೆ. ಬಿಸಿಯಾಗಿರಲಪ್ಪ, ಸುಡಲಿ, ಎಂದು ಬೇಡಿಕೊಂಡೆ.

ಅಪ್ಪ ಕಣ್ಣು ಮುಚ್ಚಿಕೊಂಡೇ ಕೇಳಿದ. "ಐತಾ?"

ಹಣೆ ತಣ್ಣಗಿತ್ತು.

"ಒಂಚೂರು ಬಿಸಿ ಇದೆ ಅಪ್ಪ," ಅಂದೆ.